ಟೈರು ಹುಟ್ಟಿದ ವಾರ

ಆಸ್ಪತ್ರೆಯ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತರಾದ ಆ ಹಿರಿಯರ ಮನೆಯಲ್ಲಿ ಮೆತ್ತನೆಯ ಬ್ರೆಡ್ ತಿಂದವರೇ ಇರಲಿಲ್ಲ. ಕಾರಣ ಬಡತನವಲ್ಲ, ಜಿಪುಣತನವೂ ಅಲ್ಲ; ನಿಯಮ. ಹೊಸ ಬ್ರೆಡ್ ಮನೆಗೆ ಬರುವಾಗ ಹಳೆಯದರಲ್ಲಿ ನಾಲ್ಕಾರು ಹೋಳು ಉಳಿದಿರುತ್ತಿದ್ದವು. ಹಳೆಯದು ಮುಗಿಯದೆ ಹೊಸ ಪೊಟ್ಟಣ ಒಡೆಯುವಂತಿರಲಿಲ್ಲ. ಹಳೆಯದು ಮುಗಿಯುವ ಹೊತ್ತಿಗೆ ಹೊಸದಕ್ಕೂ ವಯಸ್ಸಾಗಿರುತ್ತಿತ್ತು. ಹೀಗೆ ಆ ಮನೆಯವರು ಪ್ರತಿಸಲವೂ ತಾಜಾ ಬ್ರೆಡ್ಡಿಗೆ ದುಡ್ಡು ಕೊಟ್ಟು, ಪ್ರತಿದಿನವೂ ಮೊನ್ನೆಯ ಬ್ರೆಡ್ಡನ್ನೇ ತಿನ್ನುತ್ತ ಬಂದಿದ್ದರು.

"ಮಾವ, ಒಂದಿನ ಇಬ್ಬರೂ ಎರಡರಷ್ಟು ತಿಂದು ಇದನ್ನ ಚುಕ್ತಾ ಮಾಡಿಬಿಡೋಣ," ಎಂದು ಸೊಸೆ ಆಗಾಗ ಅನ್ನುತ್ತಿದ್ದಳು. "ಆಮೇಲಾದ್ರೂ ಬೇಕರಿಯವನ ಜೊತೆ ಸಮಸಮ ಆಗ್ತೀವಿ."

"ಹೊಟ್ಟೆ ಕೆಟ್ಟರೆ ಯಾರು ಹೊಣೆ?" ಎಂದು ಮಾವ ಪೇಪರಿನಿಂದ ಮುಖ ಎತ್ತದೆ ಕೇಳುತ್ತಿದ್ದರು.

ಆ ಮನೆಯಲ್ಲಿದ್ದವರು ಅವರಿಬ್ಬರೇ. ಮಗ ಹಡಗಿನಲ್ಲಿ ಅಡುಗೆಯವನು, ವರ್ಷದ ಬಹುಭಾಗ ನೀರಿನ ಮೇಲೆಯೇ. ಸೊಸೆ ನರ್ಸು. ಮಾವ ದುಡಿದ ಆಸ್ಪತ್ರೆಯಲ್ಲೇ ಅವಳಿಗೂ ಕೆಲಸವಾದ್ದರಿಂದ, ಅಲ್ಲಿನವರು ಅವರಿಗೆ ಇಟ್ಟಿದ್ದ ಅಡ್ಡಹೆಸರು ಮದುವೆಗೆ ಮುಂಚೆಯೇ ಅವಳ ಕಿವಿಗೆ ಬಿದ್ದಿತ್ತು: "ಹಳೇದ್‌ಮೊದ್ಲು". ಹತ್ತಿಯಾಗಲಿ, ಸೂಜಿಯಾಗಲಿ, ಸಾಬೂನಾಗಲಿ, ಕಪಾಟಿನ ಹಿಂದಿನದು ಹೊರಗೆ ಬಾರದೆ ಮುಂದಿನದಕ್ಕೆ ಯಾರೂ ಕೈ ಹಚ್ಚುವಂತಿಲ್ಲ ಎಂಬುದು ಅವರ ಕಟ್ಟಪ್ಪಣೆಯಾಗಿತ್ತು.

ಈ ಕಟ್ಟುನಿಟ್ಟು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಿಂದಿನವರು ಬಿಟ್ಟುಹೋದ ಕಪಾಟಿನ ಆಳದಲ್ಲಿ ರಬ್ಬರ್ ಕೈಗವಸುಗಳ ಒಂದು ಪೆಟ್ಟಿಗೆ ಸಿಕ್ಕಿತ್ತು. ಮುದ್ರೆ ಒಡೆದಿರಲಿಲ್ಲ. ಯಾರೂ ಮುಟ್ಟದ, ಯಾರೂ ತೊಡದ ಮಾಲು. ಶಸ್ತ್ರಚಿಕಿತ್ಸೆಯ ವೈದ್ಯರು ಅದರಲ್ಲೊಂದನ್ನು ಎಳೆದು ತೊಟ್ಟರೆ ಬೆರಳು ಐದೂ ಹೊರಗೆ, ಗವಸು ಮಣಿಕಟ್ಟಿನಲ್ಲಿ! ವೈದ್ಯರು ಆ ಕೈಯನ್ನು ಅವರ ಮೂಗಿನ ಮುಂದೆ ಹಿಡಿದು, "ಇದೇನ್ರೀ, ಗವಸೋ ಈರುಳ್ಳಿ ಸಿಪ್ಪೆಯೋ?" ಎಂದು ಕೇಳಿದ್ದರು. ರೋಗಿ ಇನ್ನೂ ಮೇಜಿಗೆ ಬಂದಿರಲಿಲ್ಲವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಸ್ಟೋರಿನಲ್ಲಿ ಯಾವ ವಸ್ತುವೂ ಕುಳಿತಲ್ಲೇ ಮುದಿಯಾಗಬಾರದು ಎಂಬ ಹಟ ಅಂದೇ ಅವರೊಳಗೆ ಬೇರು ಬಿಟ್ಟಿತು. ಇಷ್ಟು ಚೆನ್ನಾಗಿ ರಬ್ಬರಿನ ಗುಣ ಕಂಡವರು ಮುಂದೆ ರಬ್ಬರಿನ ಮುಂದೆಯೇ ಮುಗ್ಗರಿಸಿದ್ದು ಹೇಗೆ ಎಂಬುದೇ ಇಲ್ಲಿ ಹೇಳಬೇಕಾದ ಸಂಗತಿ.

ಸೊಸೆಗೆ ಗುಡ್ಡದಾಚೆಯ ಸಣ್ಣ ಆರೋಗ್ಯ ಕೇಂದ್ರಕ್ಕೆ ವರ್ಗವಾಯಿತು. ಸೋಮವಾರದಿಂದ ದಿನವೂ ಗುಡ್ಡ ಹತ್ತಿ ಇಳಿಯಬೇಕು. ತಿರುವು ತಿರುವಿನ ದಾರಿ. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ. ಮನೆಯಲ್ಲಿದ್ದದ್ದು ಯಾರೋ ಓಡಿಸಿ ಮಾರಿದ ಕಾರು, ಅದರ ಟೈರುಗಳು ಸವೆದು ಬೋಳಾಗಿದ್ದವು. ಹಳೆಯ ಆಸ್ಪತ್ರೆಯ ಕಡೆಯ ವಾರದ ಡ್ಯೂಟಿಯಲ್ಲಿ ಅವಳಿಗೆ ಉಸಿರಾಡಲೂ ಬಿಡುವಿರಲಿಲ್ಲ.

"ಮಾವ, ಟೈರು ನೀವೇ ಹಾಕಿಸ್ಕೊಂಡ್ ಬರ್ತೀರಾ? ನಾಲ್ಕೂ ಹೊಸದು," ಎಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದಳು. "ಆರಿಸೋದ್ರಲ್ಲಿ ನಿಮ್ಮನ್ನ ಮೀರಿಸೋರು ಯಾರಿದಾರೆ?"

ನಿವೃತ್ತರಾದ ಮೇಲೆ ಅವರಿಗೆ ಯಾರೂ ಏನನ್ನೂ ತರಲು ಹೇಳಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಕಾರನ್ನು ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿಕೊಂಡು ಹೊರಟರು.

ಟೈರಿನ ಅಂಗಡಿ ಎರಡು ರಸ್ತೆ ಕೂಡುವಲ್ಲಿತ್ತು. ಒಳಗೆ ಕಾಲಿಟ್ಟೊಡನೆ ರಬ್ಬರಿನ ಘಾಟು ಮೂಗಿಗೆ ಅಡರುತ್ತಿತ್ತು. ಗೋಡೆಯುದ್ದಕ್ಕೂ ಕಬ್ಬಿಣದ ಅಟ್ಟಣೆಗಳಲ್ಲಿ ಟೈರುಗಳು ನಿಂತಿದ್ದವು. ಬೀದಿಯ ಕಡೆಯ ಗಾಜಿನ ಬದಿಗೆ ಒಂದಿಷ್ಟು ಒಂದರ ಮೇಲೊಂದು ಮಲಗಿದ್ದವು. ಗಾಳಿ ತುಂಬುವ ಯಂತ್ರ ಮೂಲೆಯಲ್ಲಿ ತನಗೆ ತಾನೇ ಗುಡುಗಿ ಸುಮ್ಮನಾಗುತ್ತಿತ್ತು. ಯಜಮಾನ ದುಂಡನೆಯ ಆಸಾಮಿ. ಅಂಗೈ ಸರಕಿನಷ್ಟೇ ಕಪ್ಪು.

"ಹೋದ ತಿಂಗಳಷ್ಟೇ ಬಂದಿರೋ ಮಾಲು ಸಾರ್," ಎಂದು ಅವನು ಅಟ್ಟಣೆಗೆ ಕೈ ಹಾಕಿದ.

"ನಿಲ್ಲಿಸ್ರೀ. ಹೋದ ತಿಂಗಳು ಬಂದಿದ್ದು ಈಗ ಹೊರಗೆ ಹೋದ್ರೆ, ಅದಕ್ಕೂ ಮೊದಲು ಬಂದಿದ್ದರ ಗತಿ?"

"ಅದೂ ಹೋಗುತ್ತೆ ಸಾರ್, ಒಂದಲ್ಲ ಒಂದಿನ."

"ಒಂದಲ್ಲ ಒಂದಿನ! ಸ್ಟೋರು ನಡೆಸೋ ರೀತಿಯೇನ್ರೀ ಇದು? ಮೊದಲು ಬಂದಿದ್ದು ಮೂಲೇಲಿ ಕೊಳೀಬೇಕು, ಮೊನ್ನೆ ಬಂದಿದ್ದು ಮೆರೀಬೇಕು! ಅಗೋ, ಗಾಜಿನ ಹತ್ರ ಅಡೀಲಿದೆಯಲ್ಲ, ಅದೂ ಇದೇ ಅಳತೇದಾ?"

"ಅಳತೆ ಇದೇ. ಆದ್ರೆ ಸಾರ್..."

"ಆದ್ರೆ ಗೀದ್ರೆ ಬೇಡ. ಅಡೀದು ತೆಗೀರಿ."

ಯಜಮಾನ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹೊಸದು ಕೊಡು ಎಂದು ಜಗಳವಾಡುವ ಗಿರಾಕಿಗಳನ್ನು ಕಂಡಿದ್ದ. ಹಳೆಯದು ಕೊಡು ಎಂದು ಗದರುವವರು ಇವರೊಬ್ಬರೇ. ಅವನ ಮುಖ ಮೊರದಗಲವಾಯಿತು. "ನಿಮ್ಮಂಥೋರು ಇನ್ನಿಬ್ಬರು ಇದ್ದಿದ್ರೆ ನನ್ನ ಅಂಗಡಿ ಉದ್ಧಾರ ಆಗ್ತಿತ್ತು ಸಾರ್," ಎಂದವನೇ ರಾಶಿಯ ಅಡಿಯಿಂದ ನಾಲ್ಕನ್ನು ಎಳೆದು, ಧೂಳು ಒರೆಸಿ, ಡಬ್ಬಿಯಲ್ಲಿದ್ದ ಎಣ್ಣೆಯಂಥದ್ದನ್ನು ಸ್ಪಂಜಿನಿಂದ ಸವರಿದ. ಟೈರುಗಳು ಕಾಗೆಯ ರೆಕ್ಕೆಯಂತೆ ಮಿರಿಮಿರಿ ಮಿಂಚಿದವು. ಸ್ಟೋರ್‌ಕೀಪರ್ ತಲೆದೂಗಿದರು. ಊರಿನ ಒಬ್ಬ ಅಂಗಡಿಯವನಿಗಾದರೂ ಬುದ್ಧಿ ಕಲಿಸಿದ ತೃಪ್ತಿ ಅವರದು.

ಮರುದಿನ ಬೆಳಿಗ್ಗೆ ಅವರು ಕಾರಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಟೈರನ್ನು ಓದಲಾರಂಭಿಸಿದರು. ಸ್ಟೋರಿನಲ್ಲಿ ದುಡಿದವರಿಗೆ ಯಾವ ವಸ್ತುವನ್ನು ಕಂಡರೂ ಮೊದಲು ಅದರ ಮೇಲಿನ ಬರಹ ಕಣ್ಣಿಗೆ ಬೀಳುತ್ತದೆ. ಟೈರಿನ ಪಕ್ಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರು. ಆಮೇಲೆ ಅಳತೆ. ಎಷ್ಟು ಭಾರ ತಡೆಯುತ್ತದೆ, ಎಷ್ಟು ಗಾಳಿ ಹಿಡಿಯುತ್ತದೆ ಎಂಬ ವಿವರ. ಇವೆಲ್ಲ ಮುಗಿದ ಮೇಲೆ, ಒಂದಿಷ್ಟು ಅರ್ಥವಾಗದ ಅಕ್ಷರಗಳ ಬಾಲದಲ್ಲಿ, ಸಣ್ಣ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: 3817.

"ಬ್ಯಾಚ್ ನಂಬರು," ಎಂದುಕೊಂಡರು. ಮಗ್ಗುಲಿನ ಟೈರಿನಲ್ಲೂ 3817. ಆಚೆ ಬದಿಯ ಎರಡರಲ್ಲಿ ಅಂಕಿಯೇ ಕಾಣಲಿಲ್ಲ. ಕಾಣದಿದ್ದರೆ ಬಿಡುವ ಜಾಯಮಾನವೇ ಅದು? ಹಳೆಯ ಚಾಪೆ ಹಾಸಿ, ಟಾರ್ಚು ಹಿಡಿದು, ಕಾರಿನಡಿಗೆ ಅರ್ಧ ಮೈ ತೂರಿಸಿದರು. ಪಕ್ಕೆಯ ಒಳಮುಖದಲ್ಲಿ ಅಂಕಿ ಇತ್ತು. ಅನೇಕ ಟೈರುಗಳಲ್ಲಿ ಈ ಪೂರ್ತಿ ಬರಹ ಒಂದೇ ಪಕ್ಕೆಗೆ ಇರುತ್ತದೆ; ಆ ಪಕ್ಕೆ ಒಳಗೆ ಬಂದರೆ ಓದಬೇಕಾದವನು ಹೀಗೆ ನೆಲ ಹಿಡಿಯಬೇಕು. ಯಾವ ಮಹಾನುಭಾವರು ಈ ಏರ್ಪಾಡು ಮಾಡಿದರೋ, ಅವರೆಂದೂ ಚಾಪೆ ಹಾಸಿ ಮಲಗಿದವರಲ್ಲ.

"ಅಣ್ಣಾ! ಏನಾಯ್ತು? ಬಿದ್ರಾ?" ಎದುರು ಮನೆಯ ದರ್ಜಿ ಹೆಂಗಸು ಅಳತೆಯ ಟೇಪು ಕೊರಳಲ್ಲಿದ್ದಂತೆಯೇ ಓಡಿಬಂದಳು.

"ಬಿದ್ದಿಲ್ಲಮ್ಮ. ಓದ್ತಾ ಇದೀನಿ."

"ಓದೋಕೆ ಕಾರಿನ ಕೆಳಗೇ ಹೋಗ್ಬೇಕಾ? ಮನೇಲಿ ಕುರ್ಚಿ ಇಲ್ವಾ?"

ಅವರು ಮೈಯೆಲ್ಲ ಧೂಳಾಗಿ ಹೊರಬಂದು, ನಾಲ್ಕೂ ಒಂದೇ ಬ್ಯಾಚಿನವು ಎಂದು ಹೆಮ್ಮೆಯಿಂದ ವಿವರಿಸಿದರು. ಹಾಗೆ ವಿವರಿಸುವಾಗಲೇ ಕಣ್ಣು ಅವಳ ಕಾರಿನತ್ತ ಹರಿಯಿತು. ಅಲ್ಲಿಯೂ ಅಂಥದೇ ಮೊಟ್ಟೆ, ಒಳಗೆ ನಾಲ್ಕು ಅಂಕಿ: 5218. ಕಂಪನಿ ಬೇರೆ, ಅಳತೆ ಬೇರೆ, ಮೊಟ್ಟೆ ಮಾತ್ರ ಅದೇ. ಬ್ಯಾಚ್ ನಂಬರಾದರೆ ಒಬ್ಬ ಐದಂಕಿ ಹಾಕಿಯಾನು, ಒಬ್ಬ ಅಕ್ಷರ ಸೇರಿಸಿಯಾನು. ಪರಸ್ಪರ ಮುಖ ನೋಡದ ಕಂಪನಿಗಳೆಲ್ಲ ಒಮ್ಮತದಿಂದ ನಾಲ್ಕೇ ಅಂಕಿ ಹಾಕುವುದುಂಟೆ? ಅವರ ತಲೆಯಲ್ಲಿ ಹುಳ ಹೊಕ್ಕಿತು.

ಹುಳ ಹೊಕ್ಕ ಮೇಲೆ ಬಿಸಿಲು ಗಿಸಿಲು ಲೆಕ್ಕಕ್ಕಿಲ್ಲ. ಬೀದಿಯುದ್ದಕ್ಕೂ ನಿಂತ ಕಾರುಗಳ ಮುಂದೆ ಕುಳಿತೇಳುತ್ತ ಹೊರಟರು. 0721. 3319. 4922. 1120. ಬೀದಿ ಕೊನೆಯ ವಕೀಲರು ಮಹಡಿಯಿಂದ ಬಗ್ಗಿ, "ಗಾಳಿ ಬಿಡ್ತಾ ಇರೋದು ಯಾರ್ರೀ ಅದು?" ಎಂದು ಕೂಗಿದರು. "ಬಿಡ್ತಾ ಇಲ್ಲ, ನೋಡ್ತಾ ಇದೀನಿ," ಎಂದು ಇವರು ತಲೆಯೆತ್ತದೆ ಉತ್ತರಿಸಿದರು. 2623. 5120. 0218.

ಬೀದಿ ಮುಗಿಯಿತು. ಮರದ ನೆರಳಲ್ಲಿ ನಿಂತು ಅಂಕಿಗಳನ್ನು ಬಾಯಲ್ಲಿ ಮಗುಚಿ ಹಾಕಿದರು. ಮೊದಲೆರಡು ಅಂಕಿಗಳಲ್ಲಿ ಅರವತ್ತಿಲ್ಲ, ಎಪ್ಪತ್ತಿಲ್ಲ, ತೊಂಬತ್ತಿಲ್ಲ. ಐವತ್ತೆರಡು ದಾಟಿದ್ದು ಒಂದೂ ಇಲ್ಲ. ಆಸ್ಪತ್ರೆಯ ವಾರ್ಡುಗಳಿಗೆ ಅವರು ಹತ್ತಿ, ಪಟ್ಟಿ ವಿತರಿಸುತ್ತಿದ್ದದ್ದು ವಾರಕ್ಕೊಮ್ಮೆ. ವರ್ಷಕ್ಕೆ ಐವತ್ತೆರಡು ಸಲ. ಆ ಸಂಖ್ಯೆ ಅವರಿಗೆ ಸ್ವಂತ ಮನೆಯ ಮೆಟ್ಟಿಲಿನಷ್ಟು ಪರಿಚಿತ. (ಅಪರೂಪಕ್ಕೆ ಐವತ್ತಮೂರನೆಯ ವಾರ ಬೀಳುವ ವರ್ಷವೂ ಉಂಟು. ಅದು ಆ ಬೀದಿಯಲ್ಲಿ ಇರಲಿಲ್ಲ.) ಮೊದಲೆರಡು ವಾರವಾದರೆ, ಕಡೆಯೆರಡು?

ಒಂದೇ ಉಸಿರಿಗೆ ದರ್ಜಿಯ ಬಾಗಿಲಿಗೆ ಬಂದರು. "ತಂಗೀ, ನಿನ್ನ ಕಾರು ಹೊಸದೇ ಕೊಂಡಿದ್ದಲ್ವಾ? ಯಾವಾಗ?"

"ಹತ್ತೊಂಬತ್ತರಲ್ಲಿ. ಯುಗಾದಿಗೆ ಬಂತು. ಯಾಕಣ್ಣಾ?"

"ಟೈರು ಅದರದೇನಾ?"

"ಅದರದೇ. ನಾನೆಲ್ಲಿ ಓಡಿಸ್ತೀನಿ? ಬಟ್ಟೆ ಅಂಗಡಿಗೆ ಹೋಗ್ತೀನಿ, ಬರ್ತೀನಿ."

5218. ಹದಿನೆಂಟನೆಯ ಇಸವಿಯ ಐವತ್ತೆರಡನೆಯ ವಾರ. ಟೈರು ವರ್ಷದ ಕೊನೆಗೆ ಹುಟ್ಟಿತು. ಕಾರು ಮರುವರ್ಷದ ಯುಗಾದಿಗೆ ಮಾರಾಟವಾಯಿತು. ಬೀಗಕ್ಕೆ ಕೀಲಿ ಕೂತಂತೆ ಕೂತಿತು. ಸ್ಟೋರ್‌ಕೀಪರ್ ಚಿಕ್ಕ ಮಗುವಿನಂತೆ ಚಪ್ಪಾಳೆ ತಟ್ಟಿದರು. ಎರಡನೆಯ ಚಪ್ಪಾಳೆಗೆ ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು.

3817. ಹದಿನೇಳನೆಯ ಇಸವಿಯ ಮೂವತ್ತೆಂಟನೆಯ ವಾರ. ಆಗ ನಡೆಯುತ್ತಿದ್ದದ್ದು ಇಪ್ಪತ್ತೈದು. ಅವರು "ಹೊಸ" ಟೈರು ಎಂದು ಹಾಕಿಸಿಕೊಂಡು ಬಂದವಕ್ಕೆ ಏಳು ತುಂಬಿ ಎಂಟು ನಡೆಯುತ್ತಿತ್ತು.

"ಅಣ್ಣಾ, ನೀರು ಬೇಕಾ?" ಎಂದಳು ದರ್ಜಿ.

ಅವರು ಅವಳ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅಂಗಡಿಯವನ ಮೇಲೆ ಕೋಪ ಉಕ್ಕಿತು. ಕೋಪ ಉಕ್ಕಿದಷ್ಟೇ ಬೇಗ ಇಳಿದು ಅವರ ಮೇಲೇ ತಿರುಗಿತು. ಅವನು ಹೊಸದಕ್ಕೆ ಕೈ ಹಾಕಿದ್ದ. ತಡೆದು, ಗದರಿಸಿ, ಬೆರಳು ಮಾಡಿ ತೋರಿಸಿ, ಅಂಗಡಿಯಲ್ಲೇ ಅತಿ ಹಳೆಯದನ್ನು ಆರಿಸಿ ತಂದವರು ಅವರು. ಈ ಟೈರಿನ ಮೇಲೆ ಸೋಮವಾರ ಗುಡ್ಡ ಹತ್ತುವವಳು ಸೊಸೆ.

ಸಂಜೆ ಅವಳು ಬಂದು ಕಾಲು ಚಾಚಿ ಕೂತ ಮೇಲೆ ಎಲ್ಲವನ್ನೂ ಹೇಳಿದರು, ನಿಂತುಕೊಂಡೇ.

"ಆದ್ರೆ ಮಾವ, ಒಂದು ಮೈಲಿನೂ ಓಡಿಲ್ವಲ್ಲ? ಓಡದೇ ಇರೋ ಟೈರಿಗೆ ಎಂಥ ವಯಸ್ಸು?"

"ತೊಡದೇ ಇರೋ ಗವಸಿಗೆ ಎಂಥ ವಯಸ್ಸಮ್ಮ? ಆದ್ರೂ ಬೆರಳು ಹೊರಗೆ ಬಂತಲ್ಲ."

"ಎಷ್ಟು ವರ್ಷ ಬಾಳುತ್ತೆ ಅಂತ ಅದರ ಮೇಲೆ ಬರೆದಿಲ್ವಾ? ನಮ್ಮ ಔಷಧಿಗೆಲ್ಲ ಬರೆದಿರುತ್ತಲ್ಲ."

ಬರೆದಿಲ್ಲ. ಅವರನ್ನು ಕೆರಳಿಸಿದ್ದೂ ಇದೇ. ಕೆಮ್ಮಿನ ಔಷಧದ ಶೀಸೆಗೆ ಹುಟ್ಟಿದ ದಿನವೂ ಉಂಟು, ಸಾಯುವ ದಿನವೂ ಉಂಟು. ಇಡೀ ಸಂಸಾರವನ್ನು ಹೊತ್ತು ಓಡುವ ಟೈರಿಗೆ ಹುಟ್ಟಿದ ವಾರ ಮಾತ್ರ, ಅದೂ ಗೂಢಲಿಪಿಯಂತೆ. ಉಳಿದದ್ದನ್ನು ಕೊಂಡವನೇ ಊಹಿಸಿಕೊಳ್ಳಬೇಕು. ಅವರು ಮಧ್ಯಾಹ್ನವೆಲ್ಲ ಮೊಬೈಲು ಹಿಡಿದು ಹುಡುಕಿ ತಿಳಿದದ್ದು ಇಷ್ಟು: ಎಲ್ಲರೂ ಒಪ್ಪಿದ ಒಂದೇ ಗಡುವು ಎಂಬುದಿಲ್ಲ. ಕೆಲವು ಕಾರು ತಯಾರಕರು ಆರು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ಟೈರು ತಯಾರಕರಲ್ಲಿ ಹಲವರು, ಬಳಕೆಗೆ ಬಂದು ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಗ್ರಿಪ್ ಎಷ್ಟೇ ಉಳಿದಿರಲಿ, ತಯಾರಾಗಿ ಹತ್ತು ವರ್ಷಕ್ಕೆ ತೆಗೆದುಬಿಡಿ ಎನ್ನುತ್ತಾರೆ. ತಂಪಾದ ಕತ್ತಲೆಯಲ್ಲಿ ಇಟ್ಟರೆ ರಬ್ಬರು ನಿಧಾನಕ್ಕೆ ಮುದಿಯಾಗುತ್ತದೆ. ಬಿಸಿಲಿಗೂ ಸೆಖೆಗೂ ಒಡ್ಡಿದರೆ ಬೇಗ.

"ಹತ್ತು ಅಂದ್ರೆ ಇನ್ನೂ ಎರಡೂವರೆ ವರ್ಷ ಇದೆ," ಎಂದಳು ಸೊಸೆ, ಅವರ ಮುಖ ನೋಡಿ ಸಮಾಧಾನಕ್ಕೆ.

"ಹೊಸ ಟೈರು ಅಂದ್ರೆ ನೀನು ನಾಲ್ಕೈದು ವರ್ಷ ನಿಶ್ಚಿಂತೆಯಾಗಿ ಓಡಿಸ್ತಿದ್ದೆ. ಅದರ ಆಯಸ್ಸು ಆ ಗಾಜಿನ ಮಗ್ಗುಲಲ್ಲೇ ಕಳೆದುಹೋಗಿದೆ. ಬಿಸಿಲು ಬೀಳೋ ಗಾಜು, ನಾನು ಕಣ್ಣಾರೆ ಕಂಡಿದೀನಿ." ಅವರು ಕೊನೆಗೂ ಕುಳಿತರು. "ಹಳೇದು ಮೊದಲು ಅನ್ನೋದು ಕೊಡೋನ ನಿಯಮ ಕಣಮ್ಮ. ತಗೊಳ್ಳೋನದಲ್ಲ. ನಾನು ಕೌಂಟರಿನ ಯಾವ ಕಡೆ ನಿಂತಿದೀನಿ ಅನ್ನೋದೇ ಮರೆತುಹೋಯ್ತು."

ಸೊಸೆ ನಗಲಿಲ್ಲ. "ನಾಳೆ ನನಗೆ ಮಧ್ಯಾಹ್ನದ ಮೇಲೆ ಡ್ಯೂಟಿ. ಬೆಳಿಗ್ಗೆ ಇಬ್ಬರೂ ಹೋಗೋಣ," ಎಂದಳು.

ಯಜಮಾನ ದೂರದಿಂದಲೇ ಕೈ ಮುಗಿದ. "ಬನ್ನಿ ಸಾರ್, ಬನ್ನಿ! ಇವತ್ತೇನು, ಅದಕ್ಕೂ ಹಳೇದು ಬೇಕಾ?"

ಅವರು ಮೊಟ್ಟೆಯೊಳಗಿನ ಅಂಕಿ ತೋರಿಸಿದರು. ಅವನ ನಗೆ ಅರ್ಧಕ್ಕೆ ನಿಂತಿತು. "ನಾನು ಹೊಸದು ತೆಗೀತಾ ಇದ್ದೆ. ನೀವೇ ಬೈದ್ರಿ. ಅಂಗಡಿ ಮಾಡೋನಿಗೆ ಸ್ಟೋರು ನಡೆಸೋಕೆ ಬರಲ್ಲ ಅಂದ್ರಿ."

"ಅಂದೆ. ಅದು ನನ್ನ ತಪ್ಪು, ಅದನ್ನ ಇಲ್ಲಿ ಇಟ್ಟಿದೀನಿ," ಎಂದು ಅವರು ಏನನ್ನೋ ಇಡುವವರಂತೆ ಮೇಜು ತಟ್ಟಿದರು. "ಈಗ ನಿಮ್ಮದು ಇಡಿ. ವಾರ್ಡಿನಿಂದ ಯಾರಾದ್ರೂ ಬಂದು ಅವಧಿ ಮೀರಿದ ಔಷಧಿ ಕೊಡಿ ಅಂತ ಕೇಳಿದ್ರೆ ನಾನು ಕೊಡ್ತಿದ್ನಾ? ಕೇಳೋನಿಗೆ ಗೊತ್ತಿರಲ್ಲ. ಕೊಡೋನಿಗೆ ಗೊತ್ತಿರಬೇಕು."

"ಆದ್ರೆ ಅದೇನೂ ಕೆಟ್ಟಿಲ್ಲ ಸಾರ್! ಕಲ್ಲಿದ್ದಂಗಿದೆ."

"ಕಲ್ಲಿದ್ದಂಗಿದೆ ಅನ್ನೋದೇ ತೊಂದರೆ ಅಲ್ವಾ?" ಎಂದಳು ಸೊಸೆ ಮೆಲ್ಲಗೆ. "ಟೈರು ರಬ್ಬರಿದ್ದಂಗಿರಬೇಕು."

ಯಜಮಾನನಿಗೆ ರೇಗಿತು. ಸಾಬೀತು ಮಾಡಿಯೇ ಬಿಡುತ್ತೇನೆಂದು ಒಂದು ಚಕ್ರ ಬಿಚ್ಚಿ, ಟೈರನ್ನು ಹೊರಗೆಳೆದು, ಅದರ ಹೊಳಪನ್ನು ಬಟ್ಟೆಯಿಂದ ತಿಕ್ಕಿ ತೆಗೆದ. ಪಕ್ಕೆಯನ್ನು ಮಂಡಿಯೂರಿ ಬಾಗಿಸಿದ. ಬಾಗಿದೊಡನೆ ಒಣಗಿದ ಕೆರೆಯಂಗಳದಲ್ಲಿ ಕಾಣುವಂತೆ ಕೂದಲೆಳೆಯ ಬಿರುಕುಗಳು ಬಾಯ್ತೆರೆದವು. ಬಿಟ್ಟೊಡನೆ ಮುಚ್ಚಿಕೊಂಡವು. ಅವನು ಇನ್ನೊಮ್ಮೆ ಬಾಗಿಸಿದ. ಮತ್ತೆ ಅವೇ ಬಿರುಕು. ಮೂಲೆಯಲ್ಲಿ ಗಾಳಿಯ ಯಂತ್ರ ಗುಡುಗಿತು.

"ನಾನೇ ನೋಡಿರ್ಲಿಲ್ಲ ಸಾರ್," ಎಂದ ಅವನು, ದನಿ ತಗ್ಗಿಸಿ. "ಅಡೀಲಿದ್ದಿದ್ದು. ಯಾರೂ ಕೇಳಿರ್ಲಿಲ್ಲ."

ದುಡ್ಡಿನ ಮಾತು ಹೇಗೋ ಮುಗಿಯಿತು. ಎರಡು ಕಡೆಗೂ ಒಂದಿಷ್ಟು ನೋವಾಯಿತು. ಅಟ್ಟಣೆಯ ಹೊಸ ಟೈರುಗಳು ಇಳಿದವು. ಪ್ರತಿಯೊಂದನ್ನೂ ಸ್ಟೋರ್‌ಕೀಪರ್ ಮಡಿಲ ಮಗುವಿನಂತೆ ತಿರುಗಿಸಿ ಅಂಕಿ ಓದಿದರು. ಅಂಕಿ ಹೊರಮುಖವಾಗಿಯೇ ಕೂರಬೇಕೆಂದೂ ತಾಕೀತು ಮಾಡಿದರು. ಯಜಮಾನ ಸೋತವನಂತೆ ಕಂಡರೂ ಕಡೆಯ ನಟ್ಟು ಬಿಗಿಯುವಾಗ ತಲೆ ಎತ್ತಿದ.

"ಎಲ್ಲಾ ಓದಿದ್ರಲ್ಲ ಸಾರ್. ಡಿಕ್ಕೀಲಿರೋ ಸ್ಟೆಪ್ನಿ ಓದಿದ್ರಾ?"

ಮಾವ ಸೊಸೆಯ ಮುಖ ನೋಡಿದರು, ಸೊಸೆ ಮಾವನ ಮುಖ. ಡಿಕ್ಕಿ ತೆರೆದು, ಚಾಪೆ ಎತ್ತಿ, ಹೆಚ್ಚುವರಿ ಚಕ್ರವನ್ನು ಹೊರಗೆ ತೆಗೆದರು. ಗ್ರಿಪ್ ಹಾಗೇ ಇತ್ತು, ರಬ್ಬರಿನ ಸಣ್ಣ ಕೂದಲುಗಳು ಕೂಡ ಉದುರಿರಲಿಲ್ಲ. ಮೊಟ್ಟೆಯೊಳಗೆ 1912. ಕಾರಿನ ಜೊತೆಗೇ ಹುಟ್ಟಿ, ನೆಲ ಮುಟ್ಟದೆ, ಹದಿಮೂರಕ್ಕೆ ಬಂದಿತ್ತು.

"ಅಯ್ಯೋ, ಇದು ನನಗಿಂತ ಸೀನಿಯರ್ರು," ಎಂದಳು ಸೊಸೆ. ಅವಳು ಕೆಲಸಕ್ಕೆ ಸೇರಿದ್ದು ಅದರ ಮರುವರ್ಷ. ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. ಲೆಕ್ಕ ಸಮವಾದಂತಾಯಿತು. ಐದನೆಯ ಟೈರೂ ಬಂತು.

ಸ್ಟೋರ್‌ಕೀಪರ್ ಮಾತ್ರ ಕದಲಲಿಲ್ಲ. ತೆಗೆದ ಐದೂ ಗೋಡೆಗೆ ಒರಗಿ ನಿಂತಿದ್ದವು. "ಇವು?" ಎಂದರು.

"ಇರ್ಲಿ ಬಿಡಿ ಸಾರ್, ಯಾರಾದ್ರೂ..."

"ಆ ಯಾರಾದ್ರೂ ಕೂಡ ಯಾರದೋ ಮನೆಯೋರೇ ಅಲ್ವೇನ್ರೀ? ನಮ್ಮಲ್ಲಿ ಅವಧಿ ಮುಗಿದಿದ್ದನ್ನ ಇಬ್ಬರು ಸಾಕ್ಷಿಗಳ ಮುಂದೆ ನಾಶ ಮಾಡ್ತಿದ್ವಿ. ಸಾಕ್ಷಿ ನಾನಿದೀನಿ, ಇವಳಿದಾಳೆ. ಚಾಕು ತನ್ನಿ."

ಯಜಮಾನ ಗೊಣಗಿದ; ಸೊಸೆಯ ಕಡೆ ತಿರುಗಿ, "ಮನೇಲೂ ಹಿಂಗೇನಾ ಇವರು?" ಎಂದು ಕೇಳಿದ.

"ಮನೇಲಿ ಇನ್ನೂ ಜೋರು. ಬೇಗ ಕುಯ್ದುಬಿಡಿ, ನನಗೆ ಡ್ಯೂಟಿಗೆ ಹೊತ್ತಾಗುತ್ತೆ," ಎಂದಳು ಅವಳು. ಅವನು ಬಿರುಕಿದ್ದ ಟೈರನ್ನೇ ಮೊದಲು ಕೆಡವಿ, ಪಕ್ಕೆಗೆ ಚಾಕು ಇಳಿಸಿದ. ಐದೂ ಮುಗಿಯುವವರೆಗೆ ಸ್ಟೋರ್‌ಕೀಪರ್ ಕೈ ಕಟ್ಟಿಕೊಂಡು ನಿಂತಿದ್ದರು. ಬಳಿಕ ಗಾಜಿನ ಬಳಿಯ ರಾಶಿಯತ್ತ ಒಮ್ಮೆ ನೋಡಿ, ಯಜಮಾನನತ್ತ ಒಮ್ಮೆ ನೋಡಿದರು. ಅವನು ಕೇಳುವ ಮೊದಲೇ, "ಮಂಗಳವಾರ ಬಿಡುವಿದೆ. ಬಂದು ಎಲ್ಲಾ ಓದಿ ಕೊಡ್ತೀನಿ. ಒಂದು ಚಾಪೆ ಇಟ್ಟಿರಿ," ಎಂದರು.

ಸೋಮವಾರ ಬೆಳಿಗ್ಗೆ ಗುಡ್ಡದ ಮೇಲೆ ಮಂಜು ಕವಿದಿತ್ತು. ಸೊಸೆ ಊಟದ ಡಬ್ಬಿ ತುಂಬಲು ಅಡುಗೆಮನೆಗೆ ಬಂದಾಗ ಕಟ್ಟೆಯ ಮೇಲೆ ಹೊಸ ಬ್ರೆಡ್ಡಿನ ಪೊಟ್ಟಣ ಬಾಯಿ ಬಿಚ್ಚಿಕೊಂಡಿತ್ತು. ಹೋಳುಗಳು ಇನ್ನೂ ಬೆಚ್ಚಗಿದ್ದು ಒಂದಕ್ಕೊಂದು ಅಂಟಿಕೊಂಡಿದ್ದವು. ಪಕ್ಕದ ತಟ್ಟೆಯಲ್ಲಿ ಹಳೆಯದರ ನಾಲ್ಕು ಹೋಳು. ಮಾವ ಅದರಲ್ಲೊಂದನ್ನು ಚಹಾಕ್ಕೆ ಅದ್ದುತ್ತಿದ್ದರು.

"ಮಾವ! ಹಳೇದು ಇನ್ನೂ ಮುಗಿದಿಲ್ಲ."

"ಅದು ನನಗೆ. ನಿನ್ನ ಡಬ್ಬಿಗೆ ಅದರಿಂದ ತಗೋ."

ಅವಳು ಪೊಟ್ಟಣವನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ತಾರೀಖು ಹುಡುಕಿದಳು. ಆಮೇಲೆ ಎರಡು ಹೋಳು ಎತ್ತಿ ಡಬ್ಬಿಗೆ ಹಾಕಿಕೊಂಡಳು. ಇನ್ನೊಂದನ್ನು ಬಾಯಿಗಿಟ್ಟುಕೊಂಡೇ ಕಾರಿನ ಕೀಲಿ ತೆಗೆದುಕೊಂಡಳು.